ಅಂಚೆಯವನ ಗೆಜ್ಜೆಕೋಲು

"ಬುದ್ಧಿ, ಎರಡು ವರ್ಷದಿಂದ ಹೈವೇ ಮೇಲೆ ಗಾಡಿ ಓಡಿಸ್ತಿದೀನಿ. ಇವತ್ತಿನವರೆಗೆ ಒಬ್ಬರಿಗೂ ತಾಗ್ಸಿಲ್ಲ. ಯಾರಿಗೂ ತಾಗ್ಸದೆ ಇದ್ಮೇಲೆ ಜೋರಾಗಿ ಹೋಗೋದು ತಪ್ಪು ಹೇಗಾಗುತ್ತೆ?"

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಪಾಲಾಕ್ಷ. ಮಠದ ಹಾಸ್ಟೆಲಿನಲ್ಲಿ ಉಂಡು, ಮಠದ ಶಾಲೆಯಲ್ಲೇ ಹತ್ತು ವರ್ಷ ಓದಿದವನು. ಈಗ ಅವನಿಗೆ ಇಪ್ಪತ್ತೆರಡು. ಹಳೆಯದನ್ನು ಮಾರಿ ಕೊಂಡ ಹೊಸ ಮೋಟಾರ್ ಸೈಕಲ್ಲನ್ನು ಪೂಜೆಗೆಂದು ಮಠದ ಅಂಗಳಕ್ಕೆ ತಂದು ನಿಲ್ಲಿಸಿದ್ದ. ಹ್ಯಾಂಡಲಿಗೆ ಹೂವಿನ ಹಾರ ಬಿದ್ದಿತ್ತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು.

ಅವನು ಬಂದದ್ದು ಪೂಜೆಯೊಂದಕ್ಕೇ ಅಲ್ಲ. ಮರುದಿನ ಬೆಳಗ್ಗೆ ಅವನೂ ಅವನ ನಾಲ್ವರು ಗೆಳೆಯರೂ ಹಳ್ಳದ ಸೇತುವೆಯಿಂದ ಗುಡ್ಡದ ತಿರುವಿನವರೆಗೆ ಹೈವೇ ಮೇಲೆ ಪಂದ್ಯ ಕಟ್ಟಿದ್ದರು. ವಿಷಯ ತಾಯಿಯ ಕಿವಿಗೆ ಬಿತ್ತು. ಆಕೆ ಕೂಗಾಡಲಿಲ್ಲ, ಎರಡು ದಿನ ಊಟ ಬಿಟ್ಟು ಕುಳಿತಳು. ಕೊನೆಗೆ ಇಬ್ಬರ ನಡುವೆ ಒಂದು ಮಾತಾಯಿತು. ಸ್ವಾಮಿಗಳು ಬೇಡ ಎಂದರೆ ಅವನು ಹೋಗುವಂತಿಲ್ಲ. ಅವರು ಬೇಡ ಎನ್ನದಿದ್ದರೆ ಆಕೆ ತಡೆಯುವಂತಿಲ್ಲ.

ಆದ್ದರಿಂದ ಪ್ರಶ್ನೆಯನ್ನು ಪಾಲಾಕ್ಷ ಮನೆಯಲ್ಲೇ ಸಾಣೆ ಹಿಡಿದು ತಂದಿದ್ದ. ಬೇಡ ಎನ್ನುವವರು ಕಾರಣ ಹೇಳಬೇಕು. ಕಾರಣ ಹೇಳುವುದಕ್ಕೆ ಅವನು ಜಾಗವನ್ನೇ ಉಳಿಸಿರಲಿಲ್ಲ.

ಸ್ವಾಮಿಗಳು ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಜಗಲಿಯ ತುದಿಯನ್ನು ತೋರಿಸಿ ಕೂರಲು ಹೇಳಿದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಬಸ್ಸು ಬರುವುದಕ್ಕೆ ಮುಂಚಿನ ಮಾತು. ಒಂದು ಗುಡ್ಡ. ಅದರ ಈಚೆಗೊಂದು ಊರು, ಆಚೆಗೊಂದು ಊರು. ಎರಡು ಊರುಗಳ ಕಾಗದಪತ್ರ ಹೊತ್ತು ಓಡಲು ಇಬ್ಬರು ಅಂಚೆಯವರಿದ್ದರು. ಈಚೆಯವನು ಈಚೆಯಿಂದ ಹೊರಡುತ್ತಿದ್ದ, ಆಚೆಯವನು ಆಚೆಯಿಂದ. ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲುಮಂಟಪ. ಅಲ್ಲಿ ಸೇರಿ, ಚೀಲ ಬದಲಾಯಿಸಿಕೊಂಡು, ತಮ್ಮ ತಮ್ಮ ಊರಿಗೆ ಹಿಂದಿರುಗುತ್ತಿದ್ದರು. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಇಬ್ಬರಲ್ಲೂ ಒಳ್ಳೆಯ ಸ್ನೇಹ. ಈಚೆಯವನ ತಂಗಿಯನ್ನು ಆಚೆಯವನಿಗೆ ಕೊಡುವುದೆಂದು ಮಾತಾಗಿ ವೀಳ್ಯಶಾಸ್ತ್ರವೂ ಮುಗಿದಿತ್ತು.

ಅಂಚೆಯವನ ಕೈಯಲ್ಲಿ ಒಂದು ಕೋಲು ಇರುತ್ತಿತ್ತು. ಅದರ ತಲೆಗೆ ಗೆಜ್ಜೆಯ ಗೊಂಚಲು. ಓಡುವಾಗ ಗೆಜ್ಜೆ ಝಲ್ ಝಲ್ ಎನ್ನುವುದು. ಕೇಳಿದವರು ದಾರಿ ಬಿಡುವರು. ಸೌದೆ ಹೊತ್ತವರು ಹೊರೆಯೊಂದಿಗೆ ಪಕ್ಕಕ್ಕೆ ಸರಿಯುತ್ತಿದ್ದರು, ಕುರಿಯವರು ಕುರಿಗಳನ್ನು ಮುಳ್ಳಿನ ಪೊದೆಗೆ ಒತ್ತುತ್ತಿದ್ದರು. ಯಾರೂ ಗೊಣಗುತ್ತಿರಲಿಲ್ಲ. ಚೀಲದಲ್ಲಿ ಯಾರದೋ ಮನೆಯ ಸಾವು ಇರಬಹುದು, ಯಾರದೋ ಹೆರಿಗೆಯ ಸುದ್ದಿ ಇರಬಹುದು. ತಮ್ಮದೇ ಮಗನ ಕಾಗದವೂ ಇರಬಹುದು. ಅವರು ಸರಿಯುತ್ತಿದ್ದದ್ದು ಚೀಲಕ್ಕೆ.

ಈಚೆಯ ಏರಿನ ಅರ್ಧ ದಾರಿಯಲ್ಲಿ ಒಂದು ತಿರುವು. ಒಂದು ಕಡೆ ನೆಟ್ಟಗೆ ನಿಂತ ಬಂಡೆ, ಇನ್ನೊಂದು ಕಡೆ ಕಮರಿ. ನಡುವೆ ಒಬ್ಬರು ನಡೆಯುವಷ್ಟೇ ಜಾಗ. ತಿರುವಿನ ಆಚೆಗೆ ಏನಿದೆ ಎಂದು ಈಚೆಗೆ ಕಾಣುವುದಿಲ್ಲ. ಅಲ್ಲಿ ಗೆಜ್ಜೆಯ ಸದ್ದು ಬಂಡೆಗೆ ಬಡಿದು ಹಿಂದಕ್ಕೆ ಬರುತ್ತಿತ್ತು. ಒಬ್ಬನೇ ಓಡಿದರೂ ಎದುರಿನಿಂದ ಇನ್ನೊಬ್ಬ ಬರುತ್ತಿರುವ ಹಾಗೆ ಕೇಳುತ್ತಿತ್ತು.

ಈಚೆಯವನಿಗಿಂತ ಮೊದಲು ಆ ಕೋಲು ಹಿಡಿದಿದ್ದವನು ಒಬ್ಬ ಮುದುಕ. ಕೋಲು ಒಪ್ಪಿಸುವ ದಿನ ಅವನು ಹುಡುಗನನ್ನು ತಿರುವಿನವರೆಗೆ ಕರೆದುಕೊಂಡು ಬಂದು ಒಂದೇ ಒಂದು ಕೆಲಸ ಕಲಿಸಿದ. "ಇಲ್ಲಿ ನಿಲ್ಬೇಕು ಕಣಪ್ಪ. ಗೆಜ್ಜೇನ ಮುಷ್ಟೀಲಿ ಹಿಡಿ. ಸದ್ದು ನಿಂತ್ರೆ ಅದು ನಿಂದೇ, ಹೋಗು. ನಿಲ್ಲದೆ ಹೋದ್ರೆ ಎದುರಿಗೆ ಯಾರೋ ಬರ್ತಿದಾರೆ, ಕಾಯಿ."

ಹುಡುಗ ಮೂರು ತಿಂಗಳು ಹಾಗೆಯೇ ಮಾಡಿದ. ದಿನಾ ನಿಂತ, ದಿನಾ ಗೆಜ್ಜೆ ಹಿಡಿದ. ದಿನಾ ಸದ್ದು ನಿಂತಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ. ಅವನ ಗೆಜ್ಜೆಯನ್ನು ದೂರದಿಂದಲೇ ಕೇಳಿ ಜನ ತಿರುವಿನ ಆಚೆಯೇ ನಿಂತು ಕಾಯುತ್ತಿದ್ದರು. ಅವನಿಗೆ ಅದು ಹೊಳೆಯಲಿಲ್ಲ. ತಿರುವು ಯಾವಾಗಲೂ ಖಾಲಿಯೇ ಇರುತ್ತದೆ ಎಂದುಕೊಂಡ. ನಾಲ್ಕನೆಯ ತಿಂಗಳಿಗೆ ನಿಲ್ಲುವುದನ್ನು ಬಿಟ್ಟ.

ಅಷ್ಟರಲ್ಲಿ ಇಬ್ಬರು ಗೆಳೆಯರ ನಡುವೆ ಪೈಪೋಟಿ ಹುಟ್ಟಿತ್ತು. ಮಂಟಪಕ್ಕೆ ಮೊದಲು ಬಂದವನು ಕಂಬದ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯಬೇಕು. ಕೆಲವು ದಿನಕ್ಕೆ ಗೀಟು ಸಪ್ಪೆಯಾಯಿತು. ಮೊದಲು ಬಂದವನು ಅಲ್ಲಿ ನಿಲ್ಲದೆ ಮುಂದಕ್ಕೆ ಓಡತೊಡಗಿದ. ಇನ್ನೊಬ್ಬ ಎಲ್ಲಿ ಸಿಗುತ್ತಾನೋ ಅಲ್ಲಿಯ ಕಲ್ಲಿಗೆ ಗೀಟು. ಎದುರಾಳಿಯ ಊರಿಗೆ ಎಷ್ಟು ಹತ್ತಿರ ಗೀಟು ಬಿದ್ದರೆ ಅಷ್ಟು ಹೆಚ್ಚುಗಾರಿಕೆ. ಊರಿನವರಿಗೂ ಮೋಜು ಹತ್ತಿತು. ಇವತ್ತು ಯಾರು ಎಲ್ಲಿವರೆಗೆ ಬಂದರು ಎಂದು ಅಂಗಡಿಗಳ ಮುಂದೆ ಮಾತು ಬೆಳೆಯಿತು. ಕಾಗದ ಹಂಚುವ ಹೊತ್ತು ಮಾತ್ರ ಮೊದಲಿನದೇ ಇತ್ತು. ಬೇಗ ಬಂದ ಚೀಲ ಅಂಚೆಮನೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಆ ಓಟದಿಂದ ಯಾರ ಕೈಗೂ ಒಂದು ಕಾಗದ ಒಂದು ಗಳಿಗೆ ಮುಂಚೆ ಸೇರಲಿಲ್ಲ.

ಆ ದಾರಿಯಲ್ಲಿ ಹುಣಸೆಹಣ್ಣು ಮಾರುವ ಒಬ್ಬ ಮುದುಕಿ ದಿನವೂ ಗುಡ್ಡ ದಾಟುತ್ತಿದ್ದಳು. ಒಂದು ದಿನ ಆಕೆ ತಿರುವಿನ ಹತ್ತಿರವಿದ್ದಾಗ ಈಚೆಯವನ ಗೆಜ್ಜೆ ಕೇಳಿತು. ಹಿಂದಕ್ಕೆ ಹೋಗಲು ಹೊತ್ತಿರಲಿಲ್ಲ. ಆಕೆ ಬಂಡೆಯನ್ನು ಅಪ್ಪಿಕೊಂಡು ನಿಂತಳು. ತಲೆಯ ಮೇಲಿನ ಬುಟ್ಟಿ ವಾಲಿ ಕಮರಿಗೆ ಉರುಳಿತು. ಅವನು ಓಡಿಯೇ ಹೋದ. ಹಿಂದಿರುಗಿ ಬರುವಾಗ ಆಕೆ ಅಲ್ಲೇ ಕುಳಿತಿದ್ದಳು. ಅವನಿಗೆ ಸ್ವಲ್ಪ ಅಳುಕಾಯಿತು. ಅಳುಕನ್ನು ಮುಚ್ಚಿಕೊಳ್ಳಲು ತುಸು ಜೋರಾಗಿಯೇ ಕೇಳಿದ.

"ಅವ್ವ, ನಾನೇನು ನಿನಗೆ ತಾಗಿದ್ನಾ?"

"ಇಲ್ಲಪ್ಪ. ನೀನು ತಾಗ್ಲಿಲ್ಲ, ನಾನು ಸರಿದೆ."

ಅವನಿಗೆ ಮೊದಲರ್ಧ ಸಾಕಾಗಿತ್ತು. ತಾಗಲಿಲ್ಲ ಎಂದು ಆಕೆಯೇ ಹೇಳಿದಳಲ್ಲ. ಅಂದಿನಿಂದ ಅವನಿಗೆ ಇನ್ನಷ್ಟು ಧೈರ್ಯ ಬಂತು. ಇಷ್ಟು ದಿನ ಓಡಿದ್ದೇನೆ, ಯಾರಿಗೂ ತಾಗಿಲ್ಲ, ನನ್ನ ಕಾಲಿಗೆ ಕಣ್ಣಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದ.

ಆಚೆಯವನು ಅಷ್ಟು ದಿನವೂ ಈಚೆಯ ತಿರುವಿನವರೆಗೆ ಬಂದಿರಲಿಲ್ಲ. ಆ ತಿರುವಿಗೆ ಗೀಟು ಹಾಕಿಯೇ ಸಿದ್ಧ ಎಂದು ಹಟ ತೊಟ್ಟ. ಒಂದು ದಿನ ಅವನ ಊರಿನ ಚೀಲ ಬೇಗ ಸಿದ್ಧವಾಯಿತು. ಅವನು ಬೇಗ ಹೊರಟ, ಮಂಟಪ ದಾಟಿದ, ಇಳಿಜಾರಿನಲ್ಲಿ ಓಡುತ್ತ ಬಂದ. ಈಚೆಯವನು ಏರು ಹತ್ತಿ ಬರುತ್ತಿದ್ದ. ತಿರುವು ಹತ್ತಿರವಾಯಿತು. ಎದುರಿನಿಂದ ಗೆಜ್ಜೆಯ ಸದ್ದು ಕೇಳಿತು. ತನ್ನದೇ ಸದ್ದು ಎಂದುಕೊಂಡ. ದಿನಾ ಹಾಗೆಯೇ ಕೇಳುತ್ತಿತ್ತಲ್ಲ. ಆಚೆಯವನು ಏನೆಂದುಕೊಂಡನೋ ಹೇಳುವುದಕ್ಕೆ ಅವನು ಉಳಿಯಲಿಲ್ಲ.

ಇಬ್ಬರೂ ತಿರುವಿನಲ್ಲಿ ಎದುರಾದರು. ಈಚೆಯವನು ಬಂಡೆಗೆ ಬಡಿದು ಬಿದ್ದ. ಆಚೆಯವನು ಕಮರಿಗೆ ಬಿದ್ದ.

ಈಚೆಯವನು ಎದ್ದು ಕುಳಿತ. ಹಣೆಯಿಂದ ರಕ್ತ ಬರುತ್ತಿತ್ತು. ಆಗ ಅವನಿಗೆ ಮುದುಕ ಕಲಿಸಿದ್ದು ನೆನಪಾಯಿತು. ಗೆಜ್ಜೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ಸದ್ದು ನಿಲ್ಲಲಿಲ್ಲ. ಕೆಳಗಿನಿಂದ ಬರುತ್ತಿತ್ತು. ಅವನು ಹಿಡಿದೇ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಅದೂ ನಿಂತಿತು.

ಕುರಿಯವರು ಇಳಿದು ಹೆಣವನ್ನು ಕಂಬಳಿಯಲ್ಲಿ ಮೇಲಕ್ಕೆ ತಂದರು. ಈಚೆಯವನು ಹಣೆಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಹೋದ. ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅವನು ಏನು ಹೇಳಿದ ಎಂಬುದನ್ನು ಸ್ವಾಮಿಗಳು ಹೇಳಲಿಲ್ಲ. ಪಾಲಾಕ್ಷನಿಗೆ ಕೇಳುವ ಮನಸ್ಸಾಗಲಿಲ್ಲ. ಅವನಿಗೂ ಒಬ್ಬಳು ತಂಗಿ ಇದ್ದಳು.

ಮರುದಿನವೂ ಅಂಚೆ ಹೋಗಬೇಕಿತ್ತು. ಆಚೆಯ ಊರಿಗೆ ಇನ್ನೂ ಬೇರೆ ಆಳು ಬಂದಿರಲಿಲ್ಲ. ಈಚೆಯವನೇ ಚೀಲ ಹೊತ್ತು ಅಷ್ಟೂ ದಾರಿ ಹೊರಟ. ಅವತ್ತು ಅವನು ಓಡಲಿಲ್ಲ. ಗೆಜ್ಜೆಯನ್ನು ಮುಷ್ಟಿಯಲ್ಲಿ ಹಿಡಿದು ನಡೆದ. ಸದ್ದಿಲ್ಲದ್ದರಿಂದ ಯಾರೂ ದಾರಿ ಬಿಡಲಿಲ್ಲ. ಸೌದೆಯವರು ಬಂದಾಗ ಅವನೇ ಸರಿದು ನಿಂತ. ಕುರಿಗಳು ಬಂದಾಗ ಅವನೇ ಮುಳ್ಳಿಗೆ ಒತ್ತಿಕೊಂಡ. ನಿಂತು ನೋಡಿದಾಗ ಒಬ್ಬೊಬ್ಬರೂ ಒಂದೊಂದು ಥರ ಇದ್ದರು. ಒಬ್ಬ ಬಸುರಿ ಇದ್ದಳು. ಒಬ್ಬ ಕುಂಟನಿದ್ದ. ಅವನು ಇಷ್ಟು ದಿನ ಇವರ ನಡುವೆಯೇ ಓಡಿದ್ದ.

ತಿರುವಿನ ಹತ್ತಿರ ಹುಣಸೆಹಣ್ಣಿನ ಮುದುಕಿ ಎದುರಾದಳು. ಆಕೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಂಡೆಯನ್ನು ಕೈಯಿಂದ ತಡವಿಕೊಂಡು ಬರುತ್ತಿದ್ದಳು. ಇಷ್ಟು ದಿನ ಆಕೆ ಕೇಳಿಯೇ ಸರಿದಿದ್ದಳು, ನೋಡಿ ಅಲ್ಲ. ಅದು ಅವನಿಗೆ ಅವತ್ತು ಗೊತ್ತಾಯಿತು. ಅವನ ಕಾಲು ಅಲ್ಲೇ ನಿಂತಿತು. ಉಸಿರಾಟ ಕೇಳಿ ಆಕೆಗೆ ಯಾರೆಂದು ತಿಳಿಯಿತು. ಅವನು ಆಕೆಯ ಬುಟ್ಟಿಗೆ ಕೈಕೊಟ್ಟು, ತಿರುವು ದಾಟಿಸಿ, ಅಲ್ಲಿ ಕುಸಿದು ಕುಳಿತು ಅತ್ತ.

"ಅವನು ಯಾಕವ್ವ ಸರೀಲಿಲ್ಲ? ಗೆಜ್ಜೆ ಕೇಳಿರ್ಬೇಕಲ್ಲ."

"ನಿನ್ನ ಹಾಗೇ ಅವನೂ ಅಲ್ವೇನಪ್ಪ. ಸರಿದು ರೂಢಿ ಇರ್ಲಿಲ್ಲ."

ಕತೆ ಅಲ್ಲಿಗೆ ಮುಗಿಯಿತು. ಮಠದ ಹಿಂದೆ ಹೈವೇಯಲ್ಲಿ ಲಾರಿಯೊಂದು ಹಾರನ್ ಮಾಡಿಕೊಂಡು ಹೋಯಿತು.

ಪಾಲಾಕ್ಷ ತಲೆ ತಗ್ಗಿಸಿಕೊಂಡು ಕೇಳಿದ್ದ. ಆ ಇಬ್ಬರ ಬಗ್ಗೆ ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು. ಆದರೂ ಸ್ವಾಮಿಗಳ ಬಾಯಿಂದ ಬೇಡ ಎಂಬ ಮಾತು ಬಂದಿರಲಿಲ್ಲ, ಗೆಳೆಯರಿಗೆ ಕೊಟ್ಟ ಮಾತು ಬೆಳಗಾದರೆ ಎದುರಿಗಿತ್ತು. ಅವನು ತಲೆಯೆತ್ತಿ ಹೇಳಿದ.

"ಪಾಪ, ಅವರಿಗೆ ಗೆಜ್ಜೆ ಬಿಟ್ರೆ ಏನೂ ಇರ್ಲಿಲ್ಲ ಬುದ್ಧಿ. ದಾರಿ ಬೇರೆ ಕಿರಿದು. ನನ್ನ ಗಾಡಿಗೆ ಒಳ್ಳೆ ಬ್ರೇಕ್ ಇದೆ, ಹೈವೇ ಅಷ್ಟಗಲ ಇದೆ. ನಿಮ್ಮ ಪಾದದಾಣೆ, ಎರಡು ವರ್ಷದಲ್ಲಿ ನಾನು ಒಬ್ಬರಿಗೂ ತಾಗ್ಸಿಲ್ಲ."

ಸ್ವಾಮಿಗಳು ತಲೆಯಾಡಿಸಿದರು. ಅವನ ಮಾತನ್ನು ಅವರು ನಂಬಿದ್ದರು.

"ಆ ಎರಡು ವರ್ಷದಲ್ಲಿ ನಿನಗೆ ದಾರಿ ಬಿಟ್ಟು ಸರಿದವರಲ್ಲಿ ಒಬ್ಬರ ಮುಖ ಹೇಳಪ್ಪ, ನಾಳೆ ಹೋಗುವೆಯಂತೆ."

ಪಾಲಾಕ್ಷ ಹೇಳಲು ಬಾಯಿ ತೆರೆದ. ಒಂದು ಮುಖವೂ ನೆನಪಿಗೆ ಬರಲಿಲ್ಲ.