ಶೀನನ ಇಪ್ಪತ್ತೈದು ಎಚ್‌ಪಿ

ಹೊಳೆ ಕಡಲಿಗೆ ಸೇರುವಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿನ ಗುರುಗಳು ಕಾವಿ ಉಡುವ ಮೊದಲು ದೋಣಿ ಕಟ್ಟುತ್ತಿದ್ದವರು.

ಅವರ ಶಿಷ್ಯ ಶೀನ ಬೆಳಿಗ್ಗೆ ಮೀನು ಹಿಡಿಯುತ್ತಿದ್ದ, ಸಂಜೆ ಪಾಠ ಕೇಳುತ್ತಿದ್ದ. ಪಾಠಕ್ಕಿಂತ ಪ್ರಸಾದದ ಅವಲಕ್ಕಿಯ ಮೇಲೆ ಅವನಿಗೆ ಒಂದು ಹಿಡಿ ಹೆಚ್ಚು ಭಕ್ತಿ.

ಒಂದು ಸಂಜೆ ಅವನು ಓಡೋಡಿ ಬಂದ.

“ಆಶೀರ್ವಾದ ಮಾಡಿ ಗುರುಗಳೇ. ನಾಳೆ ದೋಣಿಗೆ ಮೋಟಾರು ತರ್ತೇನೆ. ಇಪ್ಪತ್ತೈದು ಎಚ್‌ಪಿ!”

“ಹುಟ್ಟು ಹಾಕಿ ಸಾಕಾಯ್ತಾ?”

“ನನ್ನ ತೋಳಿಗೇನೂ ಆಗಿಲ್ಲ. ಅಮ್ಮ ಬುಟ್ಟಿ ಹಿಡ್ಕೊಂಡು ದಡದಲ್ಲಿ ಕಾಯ್ತಾಳೆ. ಪೇಟೆ ಬಸ್ಸು ಏಳೂವರೆಗೆ, ನಾನು ದಡ ಮುಟ್ಟೋದು ಏಳೂಮುಕ್ಕಾಲಿಗೆ. ದಿನಾ ಬಿಸಿಲಲ್ಲಿ ಮೀನು ಹೊತ್ಕೊಂಡು ನಡೀತಾಳೆ.” ಹೇಳುತ್ತ ಶೀನ ಕಣ್ಣೊರೆಸಿಕೊಂಡ.

“ಹಾಗಾದ್ರೆ ನಿಂಗೆ ಬೇಕಾದ್ದು ಕಾಲು ಗಂಟೆ.”

“ಅದಕ್ಕೆ ಎಂಟು ಎಚ್‌ಪಿಯೇ ಧಾರಾಳ ಅಂತಾನೆ ಅಂಗಡಿಯವ. ಆದ್ರೆ ಇಪ್ಪತ್ತೈದು ಇದ್ರೆ ಊರಿನ ದೋಣಿಗಳೆಲ್ಲ ನನ್ನ ಹಿಂದೆ!” ಒರೆಸಿಕೊಂಡ ಕಣ್ಣು ತಟ್ಟನೆ ಹೊಳೆಯಿತು.

ಗುರುಗಳು ಎದ್ದರು.

“ಅಡುಗೆಮನೆಯ ರುಬ್ಬುವ ಕಲ್ಲು ಎತ್ಕೊಂಡು ಬಾ. ನಿನ್ನ ಇಪ್ಪತ್ತೈದರಷ್ಟೇ ತೂಕ ಅದು.”

ಏದುಸಿರು ಬಿಡುತ್ತ ಶೀನ ಅದನ್ನು ಹೊಳೆಯವರೆಗೆ ಹೊತ್ತ. ದೋಣಿಯ ಹಿಂಬದಿಯಲ್ಲಿ, ಮೋಟಾರು ಕೂರಬೇಕಾದ ಜಾಗದಲ್ಲೇ ಇಟ್ಟ. ಪಕ್ಕದಲ್ಲಿ ತಾನೂ ಕೂತ.

ದೋಣಿಯ ಮೂತಿ ಆಕಾಶ ನೋಡಿತು. ಹಿಂದಿನಿಂದ ನೀರು ಒಳಗೆ ಬಂತು.

“ಅಯ್ಯಯ್ಯೋ! ಮುಂದೆ ಭಾರ ಬೇಕು! ಗುರುಗಳೇ, ನೀವು ಮುಂದೆ ಕೂತ್ಕೊಳ್ಳಿ!”

ಗುರುಗಳು ಕಾವಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಖುಷಿಯಿಂದಲೇ ಹತ್ತಿ ಮುಂದೆ ಕೂತರು. ದೋಣಿ ಸಮವಾಯಿತು. ನೀರು ಅಂಚಿನಿಂದ ನಾಲ್ಕೇ ಬೆರಳು ಕೆಳಗಿತ್ತು.

“ನೋಡಿ, ಸರಿಹೋಯ್ತು!” ಶೀನ ಚಪ್ಪಾಳೆ ತಟ್ಟಿದ. ದೋಣಿ ಅಲ್ಲಾಡಿತು. ತಟ್ಟುವುದನ್ನು ನಿಲ್ಲಿಸಿ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಸರಿಹೋಯ್ತು ಮಾರಾಯ. ದಿನಾ ಬಂದು ಕೂರ್ತೇನೆ, ನನಗೇನು? ಒಂದೇ ಒಂದು ಸಂಶಯ.”

ಗುರುಗಳು ಕಾಲಬಳಿ ಬಿದ್ದಿದ್ದ ಮೀನಿನ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು.

“ಬಲೆಗೆ ಮೀನು ಬಿದ್ರೆ ಯಾರನ್ನು ನೀರಿಗಿಳಿಸ್ತೀಯ, ನನ್ನನ್ನೋ ನಿನ್ನನ್ನೋ?”