ಕೆಟ್ಟು ನಿಂತ ದಿಬ್ಬಣದ ಕಾರು

ಮದುಮಗನನ್ನು ಕೂರಿಸಿಕೊಂಡ ಹಳೇ ಕಾಲದ ಕಾರು ಛತ್ರ ಕಣ್ಣಿಗೆ ಬೀಳುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಅಡುಗೆ ಪಾತ್ರೆ ಹೇರಿಕೊಂಡು ಹಿಂದೆ ಬರುತ್ತಿದ್ದ ಹೊಸ ಪಿಕಪ್ಪಿಗೆ ನಗು ತಡೆಯಲಾಗಲಿಲ್ಲ.

"ಅಜ್ಜಾ, ಮುಹೂರ್ತ ಮೀರುತ್ತದೆ! ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕೆಟ್ಟು ನಿಂತವನಲ್ಲ."

"ನೀನು ನಡಿ ಮಗು. ನನಗೆ ಜನ ಇದ್ದಾರೆ."

ಪಿಕಪ್ಪು ಭರ್ರನೆ ಹೋಗಿ ಛತ್ರದ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತಿತು. ಆರತಿ ತಟ್ಟೆ ಹಿಡಿದ ಹೆಂಗಸರು ಅದರತ್ತ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಬಂತು ಕಾರು! ದಿಬ್ಬಣದ ನೆಂಟರು, ಪುರೋಹಿತರು, ಪೇಟ ಓರೆಯಾದ ಮದುಮಗ, ಎಲ್ಲರೂ "ಐಸಾ!" ಎನ್ನುತ್ತ, ವಾಲಗದ ತಾಳಕ್ಕೆ ಕುಣಿಯುತ್ತ ಅದನ್ನು ತಳ್ಳುತ್ತಿದ್ದರು. ಹೆಣ್ಣಿನ ಕಡೆಯವರೂ ಓಡಿಹೋಗಿ ಕೈಹಚ್ಚಿದರು. ಮದುಮಗನ ಜೊತೆಗೆ ಕಾರಿಗೂ ಆರತಿಯಾಯಿತು.

ಪಿಕಪ್ಪು ಮೆಲ್ಲಗೆ ಪಕ್ಕಕ್ಕೆ ಸರಿದು ಪಿಸುಗುಟ್ಟಿತು: "ಅಜ್ಜಾ, ಕೆಟ್ಟು ನಿಲ್ಲುವುದು ಹೇಗೆಂದು ನನಗೂ ಸ್ವಲ್ಪ ಹೇಳಿಕೊಡು."