ಆ್ಯಪ್ ಹಿಡಿದ ಮೊದಲ ಆರೋಪಿ

ಗಿರಣಿ ಮಾಲಕ ಶಾಂತವೀರಪ್ಪ ಕಾರಕೂನ ಯಂಕಪ್ಪನಿಗೆ ಗುಡುಗಿದ: "ಮೆಸೇಜ್ ಓದೋ ಆ್ಯಪ್ ಗಿರಣ್ಯಾಗಿನ ಎಲ್ಲಾರ ಫೋನಿಗೂ ಹಾಕು, ಒಂದೂ ಬಿಡಬ್ಯಾಡ. ಜೀವಬೆದರಿಕೆ ಸಿಕ್ಕರ ಅವತ್ತೇ ಪೊಲೀಸ್ ಕಂಪ್ಲೇಂಟು!"

ಯಂಕಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಹೆಂಡತಿ ಮೆಸೇಜಿನಲ್ಲಿ ಬರೆಯುವ ಮುದ್ದಿನ ಮಾತೆಲ್ಲ ಬೈಗುಳವೇ! ಒದ್ದಾಡಿ ಒದ್ದಾಡಿ, ಕೊನೆಗೆ ಎಲ್ಲರಿಗಿಂತ ಮುಂಚೆ ಮಾಲಕನ ಫೋನಿಗೇ ಆ್ಯಪ್ ಹಾಕಿದ.

ಮರುದಿನ ಕಂಪ್ಲೇಂಟು ಬರೆದು ತಂದ. "ಸಹಿ ಮಾಡ್ರಿ ಸಾವ್ಕಾರ್ರ. ಒಬ್ಬಾಕಿ ಮುದುಕಿ ನಿಮಗ, 'ಉಣ್ಣದ ಹೋದಿಯಲ್ಲೋ, ನಿನ್ನ ಹೆಣಾ ಎತ್ತಲಿ' ಅಂತ ಬರದಿದ್ದನ್ನ ಆ್ಯಪ್ ಹಿಡದೈತ್ರಿ."

ಶಾಂತವೀರಪ್ಪ ಧಡಕ್ಕನೆ ಎದ್ದ. "ನಮ್ಮವ್ವನ ಮೆಸೇಜ್ ಓದಾಕ ನಿನಗ ಯಾರು ಹೇಳಿದ್ರಲೇ?"

"ನೀವ ಹೇಳಿದ್ರಲ್ರಿ."

"ಹುಚ್ಚಾ, ಅದು ಬೆದರಿಕೆ ಅಲ್ಲೋ, ಆಕಿ ಪ್ರೀತಿ!"

"ಖರೇರಿ," ಎಂದ ಯಂಕಪ್ಪ. "ಪಾಪ, ಆ ಆ್ಯಪಿಗೆ ಅವ್ವ ಇಲ್ಲರಿ."